ಬೆಳಗಿನ ಆರರಿಂದ ಏಳರವರೆಗೆ

ಟೆನಿಸ್ ಆಡುವ ಹೆಣ್ಣುಮಕ್ಕಳೆಂದರೆ ವಿಮಾನದಲ್ಲಿ ಓಡಾಡುತ್ತಾರೆ, ಬೆಳ್ಳಿಯ ತಟ್ಟೆ ಎತ್ತಿ ಹಿಡಿಯುತ್ತಾರೆ, ಕೈಗಡಿಯಾರದ ಜಾಹೀರಾತಿನಲ್ಲಿ ಹಲ್ಲು ಬಿಟ್ಟು ನಗುತ್ತಾರೆ ಎಂದು ನಂಬಿರುವವರು ಬಹಳ ಜನ. ನಂಬಲಿ ಪಾಪ, ನಂಬಿಕೆಗೇನು ಬಾಡಿಗೆ ಕಟ್ಟಬೇಕೆ? ಆದರೆ ಹಾಗೆ ನಗುವವರು ಹತ್ತು ಮಂದಿ, ಹೆಚ್ಚೆಂದರೆ ಇಪ್ಪತ್ತು. ಅವರ ಕೆಳಗೆ ಸಾವಿರದ ಚಿಲ್ಲರೆ ಹೆಣ್ಣುಮಕ್ಕಳು ಒಂದು ಪಟ್ಟಿಯಲ್ಲಿ ಸಾಲಾಗಿ ನಿಂತಿರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ, ವಾರಕ್ಕೊಮ್ಮೆ ಅದು ಬದಲಾಗುತ್ತದೆ. ಆ ಸಾಲಿನಲ್ಲಿ ಹದಿಮೂರು ವರ್ಷ ಕಾಲು ಸವೆಸಿದ ಒಬ್ಬಳ ಕಥೆ ಇದು.

ಕ್ಲಬ್ಬಿನವರು ಅವಳಿಗೆ ಇಟ್ಟಿದ್ದ ಹೆಸರು ಜಿಗಣೆ. ಅಪ್ಪ ಆ ಕ್ಲಬ್ಬಿನ ಆರು ಮಣ್ಣಿನ ಕೋರ್ಟುಗಳಿಗೆ ನೀರು ಹೊಡೆದು, ರೋಲರ್ ಎಳೆದು, ಗೆರೆ ಹಾಕುವ ಕೆಲಸದವನು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ ಆರು ವರ್ಷದ ಮಗಳನ್ನು ಜೊತೆಗೇ ಕರೆದುಕೊಂಡು ಹೋಗುತ್ತಿದ್ದ. ಯಾರೋ ಸದಸ್ಯರು ಬಿಸಾಡಿದ್ದ ರಾಕೆಟ್ಟಿನ ಹಿಡಿಯನ್ನು ಗರಗಸದಿಂದ ಗಿಡ್ಡ ಮಾಡಿ ಅವಳ ಕೈಗೆ ಕೊಟ್ಟು, "ಆ ಗೋಡೆಗೆ ಹೊಡೀತಾ ಇರು, ನನ್ನ ತಲೆ ತಿನ್ಬೇಡ" ಎಂದ. ಅವಳು ಹೊಡೆಯುತ್ತಲೇ ಇದ್ದಳು. ಅಪ್ಪನ ತಲೆ ಉಳಿಯಿತು, ಗೋಡೆಯ ಗಾರೆ ಉದುರಿತು. ಹನ್ನೊಂದನೆಯ ವಯಸ್ಸಿನಲ್ಲಿ ಅವಳು ಕಾರ್ಯದರ್ಶಿಯ ಹೆಂಡತಿಯನ್ನು ಎರಡು ಗಂಟೆ ಬಿಸಿಲಿನಲ್ಲಿ ಓಡಾಡಿಸಿ ಸೋಲಿಸಿದಳು. ಆಕೆ ಬೆಂಚಿನ ಮೇಲೆ ಕುಸಿದು ಕೂತು, "ಇದೇನು ಹುಡುಗೀನೋ ಜಿಗಣೇನೋ! ಹಿಡಿದ್ರೆ ಬಿಡೋದೇ ಇಲ್ವಲ್ರೀ" ಎಂದಳು. ಅಂದಿನಿಂದ ಅದೇ ಹೆಸರಾಯಿತು.

ಹೆಸರು ಸರಿಯಾಗಿಯೇ ಇತ್ತು. ಅವಳಿಗೆ ಎತ್ತರವಿರಲಿಲ್ಲ, ಸರ್ವ್‌ನಲ್ಲಿ ಅಂಥ ಜೋರೂ ಇರಲಿಲ್ಲ. ಎದುರಿನವಳು ಏನೇ ಹೊಡೆಯಲಿ, ಓಡಿಹೋಗಿ ಅದನ್ನು ವಾಪಸ್ಸು ಕಳಿಸುವುದು, ಅವಳು ಬೇಸತ್ತು ತಪ್ಪು ಮಾಡುವವರೆಗೂ ಕಳಿಸುತ್ತಲೇ ಇರುವುದು, ಇಷ್ಟೇ ಅವಳ ವಿದ್ಯೆ. ನೋಡುವವರಿಗೆ ಆಕಳಿಕೆ ಬರುತ್ತಿತ್ತು. ಆಡುವವರಿಗೆ ಅಳು ಬರುತ್ತಿತ್ತು.

ಅಮ್ಮನದು ಇನ್ನೊಂದು ಥರದ ಹಟ. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳು ಆಯಾ. ನೆಲ ಒರೆಸುವುದು, ಹಾಸಿಗೆ ಬದಲಿಸುವುದು ಎಲ್ಲ ಇತ್ತು, ಆದರೆ ಅವಳು ಹೆಸರು ಮಾಡಿದ್ದು ಬಾಗಿಲಲ್ಲಿ. ಆಪರೇಷನ್ ಆಗಿ ಮಲಗಿದವರನ್ನು ನೋಡಲು ಹೊತ್ತುಗೊತ್ತಿಲ್ಲದೆ ನುಗ್ಗುವ ಅತ್ತೆ, ಮಾವ, ಪಕ್ಕದ ಮನೆಯವರನ್ನೆಲ್ಲ ನಯವಾಗಿ ಸಾಗಹಾಕುವುದರಲ್ಲಿ ಅವಳದು ಎತ್ತಿದ ಕೈ. "ಈಗ ತಾನೇ ಎಕ್ಸ್‌ರೇಗೆ ಕರ್ಕೊಂಡು ಹೋದ್ರು" ಎನ್ನುವಳು. "ಅಯ್ಯೋ, ಬೇರೆ ವಾರ್ಡಿಗೆ ಹಾಕಿದ್ರಲ್ಲ" ಎನ್ನುವಳು. ಒಳಗೆ ರೋಗಿ ಗೊರಕೆ ಹೊಡೆಯುತ್ತಿರುತ್ತಿದ್ದಳು. ಬಂದವರನ್ನು ಹಾಗೇ ಕಳಿಸದೆ ಕುರ್ಚಿ ಹಾಕಿ ಕೂರಿಸಿ ನೀರು ಕೊಡುವಳು, ಒಳಗೆ ಮಾತ್ರ ಬಿಡಳು. ಡಾಕ್ಟರುಗಳು ಅವಳನ್ನು 'ಬಾಗಿಲಮ್ಮ' ಎನ್ನುತ್ತಿದ್ದರು. ಮಲಗಿದವರನ್ನು ಎಬ್ಬಿಸುವುದಕ್ಕಿಂತ ದೊಡ್ಡ ಪಾಪ ಅವಳ ಪುಸ್ತಕದಲ್ಲಿ ಇರಲಿಲ್ಲ. ಅದಕ್ಕಾಗಿ ಹೇಳಿದ ಸುಳ್ಳು ಸುಳ್ಳೇ ಅಲ್ಲ.

ಹದಿನೇಳಕ್ಕೆ ಜಿಗಣೆ ವೃತ್ತಿಗೆ ಇಳಿದಳು. ಸಣ್ಣ ಪಂದ್ಯಾವಳಿ, ದೂರದ ಊರು. ಸೋಮವಾರ ಮೊದಲ ಸುತ್ತು, ಸೋತರೆ ಮಂಗಳವಾರ ಬಸ್ಸು. ಬಟ್ಟೆ ಕೈತೊಳೆಯುವ ಬೇಸಿನ್ನಿನಲ್ಲೇ ಒಗೆದು ಕಿಟಕಿಯ ಸರಳಿಗೆ ಒಣಹಾಕುವುದು. ಖರ್ಚು ಹಂಚಿಕೊಳ್ಳಲು ಇನ್ನೊಬ್ಬ ಆಟಗಾರ್ತಿಯ ಜೊತೆ ಒಂದೇ ರೂಮು. ಎಷ್ಟೋ ಸಲ ನಾಳೆಯ ಎದುರಾಳಿಯೇ ಪಕ್ಕದ ಹಾಸಿಗೆಯಲ್ಲಿರುತ್ತಿದ್ದಳು. ಬೆಳಗ್ಗೆ ಇಬ್ಬರೂ ಒಂದೇ ಕನ್ನಡಿಯ ಮುಂದೆ ಜಡೆ ಹೆಣೆದುಕೊಂಡು, ಒಬ್ಬಳ ಹೇರ್‌ಪಿನ್ ಇನ್ನೊಬ್ಬಳು ಇಸಿದುಕೊಂಡು, ಹತ್ತು ಗಂಟೆಗೆ ಒಬ್ಬರ ಅನ್ನ ಇನ್ನೊಬ್ಬರು ಕಸಿಯಲು ಹೋಗುವುದು. ಸಂಜೆ ಸೋತವಳು ಅಳುತ್ತಾ ಚೀಲ ಕಟ್ಟುವಾಗ ಗೆದ್ದವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿರುವಳು, ಹೊರಗೆ ಬಂದರೆ ಏನು ಮಾತಾಡಬೇಕೋ ತಿಳಿಯದೆ.

ಇನ್ನು ಆ ಅಂಕಗಳ ವ್ಯವಹಾರ. ಯಾರು ಕಂಡುಹಿಡಿದರೋ, ಅವರಿಗೆ ಹೊಟ್ಟೆನೋವು ಬರಲಿ! ಈ ವರ್ಷ ಈ ವಾರ ಗೆದ್ದ ಅಂಕ ಮುಂದಿನ ವರ್ಷ ಇದೇ ವಾರಕ್ಕೆ ಬಿದ್ದು ಹೋಗುತ್ತದೆ. ಮತ್ತೆ ಗೆದ್ದರೆ ಇದ್ದಲ್ಲೇ ಇರುತ್ತೀರಿ. ಗೆಲ್ಲದಿದ್ದರೆ ಕೆಳಗೆ. ತೂತಿನ ಕೊಡಕ್ಕೆ ನೀರು ಹೊರುವ ಕೆಲಸ ಎಂದರೆ ಇದೇ. ಜಿಗಣೆ ನಾನೂರರಿಂದ ಇನ್ನೂರ ಹತ್ತಕ್ಕೆ ಬಂದಳು. ಇಪ್ಪತ್ನಾಲ್ಕಕ್ಕೆ ಮಂಡಿ ಕೈಕೊಟ್ಟು ಒಂದು ವರ್ಷ ಮಲಗಿದಳು. ಎದ್ದಾಗ ಅವಳ ಸಂಖ್ಯೆ ಆರುನೂರ ಎಂಬತ್ತು. ಬೇರೆಯವಳಾಗಿದ್ದರೆ 'ಸಾಕಪ್ಪಾ ಈ ಸಹವಾಸ' ಎಂದು ಮಕ್ಕಳಿಗೆ ಪಾಠ ಹೇಳಿಕೊಡಲು ಹೋಗುತ್ತಿದ್ದಳು. ಇವಳು ಹಿಡಿದರೆ ಬಿಡುವವಳಲ್ಲವಲ್ಲ, ಮತ್ತೆ ಮೊದಲಿನಿಂದ ಹತ್ತತೊಡಗಿದಳು.

ಅಪ್ಪ ತೀರಿಕೊಂಡದ್ದು ಆ ಹತ್ತುವ ಕಾಲದಲ್ಲೇ. ಅವಳು ಎಲ್ಲೋ ದೂರದಲ್ಲಿ ಸೆಮಿಫೈನಲ್ ಆಡಬೇಕಿತ್ತು. ಹಿಂದಿನ ದಿನ ಅಮ್ಮ ಫೋನಿನಲ್ಲಿ, "ಅಪ್ಪ ಮಲಗಿದಾರೆ, ನೀನು ಆಡಿ ಬಾ" ಎಂದಳು. ಅವಳು ಆಡಿ ಗೆದ್ದಳು. ಫೈನಲ್ಲನ್ನೂ ಆಡಿ ಸೋತ ಮೇಲೆ ನಿಜ ಗೊತ್ತಾಯಿತು, ಊರಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನ ಮೇಲೆ ಕೂಗಾಡಿದಳು, ಎರಡು ದಿನ ಮಾತು ಬಿಟ್ಟಳು. ಅಮ್ಮ ಒಂದೇ ಮಾತು ಹೇಳಿದಳು. "ಆ ಗೆಲುವು ಅವರಿಗೂ ಬೇಕಾಗಿತ್ತು ಕಣೇ."

ಅವಳಿಗೆ ಬೇಕಾಗಿದ್ದದ್ದು ಒಂದೇ. ವರ್ಷಕ್ಕೆ ನಾಲ್ಕು ಮಹಾ ಪಂದ್ಯಾವಳಿಗಳು ನಡೆಯುತ್ತವೆ. ಪಟ್ಟಿಯ ಮೊದಲ ನೂರು ಮಂದಿಗೆ, ಅದೃಷ್ಟವಿದ್ದರೆ ಇನ್ನು ಮೂರು ನಾಲ್ಕು ಮಂದಿಗೆ, ಅಲ್ಲಿ ನೇರ ಪ್ರವೇಶ. ಉಳಿದವರು ಹಿಂದಿನ ವಾರ ಹೊರಗಿನ ಕೋರ್ಟುಗಳಲ್ಲಿ ಮೂರು ಅರ್ಹತಾ ಪಂದ್ಯ ಗೆದ್ದರೆ ಮಾತ್ರ ಒಳಗೆ. ಜಿಗಣೆ ಹನ್ನೊಂದು ಸಲ ಆ ಹೊರಗಿನ ಕೋರ್ಟುಗಳಲ್ಲಿ ಆಡಿದ್ದಳು, ಹನ್ನೊಂದು ಸಲವೂ ಸೋತಿದ್ದಳು, ಅದರಲ್ಲಿ ಮೂರು ಸಲ ಕೊನೆಯ ಮೆಟ್ಟಿಲಲ್ಲಿ. ಅಲ್ಲಿ ಗೆಲ್ಲುತ್ತೇನೆ ಎಂಬ ಭ್ರಮೆ ಅವಳಿಗಿರಲಿಲ್ಲ. ದೊಡ್ಡ ಗೇಟಿನಿಂದ ಒಳಗೆ ಹೋಗಿ, ಫಲಕದ ಮೇಲೆ ತನ್ನ ಹೆಸರು ನೋಡಿ, ಒಂದು ಪಂದ್ಯ ಆಡಿ ಬರಬೇಕು. ಸೋತರೂ ಸರಿಯೇ. ಇಷ್ಟು ಆಸೆಗೆ ದುರಾಸೆ ಎನ್ನಲಾದೀತೆ?

ಮೂವತ್ತನೆಯ ವಯಸ್ಸಿನಲ್ಲಿ, ಎಲ್ಲರೂ ಕೈಬಿಟ್ಟ ಮೇಲೆ, ಅದೇನಾಯಿತೋ, ಅವಳು ಗೆಲ್ಲಲು ಶುರುಮಾಡಿದಳು. ಎಂಟು ತಿಂಗಳಲ್ಲಿ ನಾಲ್ಕು ಸಣ್ಣ ಪಂದ್ಯಾವಳಿ. ಒಂದು ಸೋಮವಾರ ಬೆಳಗ್ಗೆ ಫೋನು ತೆಗೆದು ನೋಡಿದರೆ ತೊಂಬತ್ತೊಂಬತ್ತು! ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಜೋರಾಗಿ ಅತ್ತಳು, ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಪಾಪ ಯಾರೋ ಸತ್ತಿರಬೇಕೆಂದು ಬೆನ್ನು ಸವರಿದಳು.

ಆದರೆ ಮೊದಲ ನೂರರೊಳಗೆ ಬಂದವರಿಗೆ ಇನ್ನೊಂದು ಪಟ್ಟಿ ಕಾದಿರುತ್ತದೆ. ಮದ್ದು ತಿಂದು ಆಡುವವರನ್ನು ಹಿಡಿಯುವ ಇಲಾಖೆಯವರ ಪಟ್ಟಿ. ಅದರಲ್ಲಿ ಹೆಸರು ಬಂದರೆ ವರ್ಷದ ಪ್ರತಿ ದಿನವೂ, ಇಂಥ ದಿನ ಇಂಥ ಒಂದು ಗಂಟೆ ಇಂಥ ವಿಳಾಸದಲ್ಲಿ ಇರುತ್ತೇನೆ ಎಂದು ಮುಂಚೆಯೇ ಫೋನಿನಲ್ಲಿ ತುಂಬಿಡಬೇಕು. ಆ ಗಂಟೆಯಲ್ಲಿ ಅವರು ಹೇಳದೆ ಕೇಳದೆ ಬಂದು ಮೂತ್ರ, ರಕ್ತ ತೆಗೆದುಕೊಂಡು ಹೋಗುತ್ತಾರೆ. ಬಂದಾಗ ಇಲ್ಲದಿದ್ದರೆ ಒಂದು ತಪ್ಪು. ಹನ್ನೆರಡು ತಿಂಗಳಲ್ಲಿ ಮೂರು ತಪ್ಪಾದರೆ ಮದ್ದು ತಿಂದವರಿಗೆ ಆಗುವಂತೆಯೇ ನಿಷೇಧ, ನೀವು ಗಂಗಾಜಲ ಬಿಟ್ಟು ಬೇರೇನೂ ಕುಡಿಯದಿದ್ದರೂ ಅಷ್ಟೇ. ಎಲ್ಲ ಆಟಗಾರ್ತಿಯರ ಹಾಗೆ ಇವಳೂ ಬೆಳಗಿನ ಆರರಿಂದ ಏಳು ಎಂದು ತುಂಬಿದಳು. ಯಾವ ದೇಶದಲ್ಲಿದ್ದರೂ ಆ ಹೊತ್ತಿಗೆ ಹಾಸಿಗೆಯಲ್ಲಂತೂ ಇರುತ್ತೇವಲ್ಲ ಎಂಬುದು ಲೆಕ್ಕಾಚಾರ.

ತಮಾಷೆ ನೋಡಿ. ಟೆನಿಸ್ ಆಡುವವಳಿಗೆ ಗುರುವಾರ ತಾನು ಎಲ್ಲಿರುತ್ತೇನೆಂದು ಸೋಮವಾರ ಹೇಗೆ ಗೊತ್ತಾಗಬೇಕು? ಗೆದ್ದರೆ ಇದೇ ಊರು, ಸೋತರೆ ಇನ್ನೊಂದು. ಸೋತ ಮೇಲೆ ಮುಖ ತೊಳೆಯುವ ಮುಂಚೆ ಫೋನು ತೆಗೆದು 'ಸೋತೆ, ಹೊರಟೆ' ಎಂದು ತಿದ್ದಬೇಕು. ಮೊದಲ ತಪ್ಪು ಆದದ್ದೇ ಹೀಗೆ. ಮೂರು ಗಂಟೆ ಆಡಿ, ಗೆಲ್ಲುವ ಪಂದ್ಯ ಕೈಚೆಲ್ಲಿ, ಕಣ್ಣೀರಿನಲ್ಲೇ ವಿಮಾನ ಹತ್ತಿದಳು, ತಿದ್ದುವುದು ಮರೆತಳು. ಮಾರನೆಯ ಬೆಳಗ್ಗೆ ಇಲಾಖೆಯವರು ಅವಳು ಬಿಟ್ಟುಬಂದ ಹೋಟೆಲಿನ ಮುಂದೆ ನಿಂತಿದ್ದರು. ಎರಡನೆಯದು ಅವಳ ಕೋಚ್ ಇದ್ದ ಊರಿನ ಬಾಡಿಗೆ ರೂಮಿನಲ್ಲಿ. ಕೆಳಮನೆಯ ನಾಯಿ ಬೆಳಗಾಗುವ ಮುಂಚೆಯೇ ಊಳಿಡುತ್ತಿತ್ತೆಂದು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಳು. ಕರೆಗಂಟೆ ಕೆಟ್ಟಿತ್ತು. ಬಾಗಿಲು ಬಡಿದದ್ದು ಕೇಳಿಸಲಿಲ್ಲ.

ಇನ್ನು ಒಂದೇ ಉಳಿದಿತ್ತು. ಅವಳಿಗೆ ಹೆದರಿಕೆಯಾಯಿತು, ಅನ್ನ ಸೇರದಂಥ ಹೆದರಿಕೆ. ಸಂಖ್ಯೆ ತೊಂಬತ್ತೇಳಕ್ಕೆ ಬಂದಿತ್ತು, ಮಹಾ ಪಂದ್ಯಾವಳಿಯ ಪ್ರವೇಶಪಟ್ಟಿಯಲ್ಲಿ ಅವಳ ಹೆಸರು ಅಚ್ಚಾಗಿತ್ತು, ಇನ್ನು ಎಂಟು ವಾರ. ಒಬ್ಬಳೇ ಇದ್ದರಲ್ಲವೇ ಈ ಗೋಳು, ಅಮ್ಮನ ಮನೆಯಲ್ಲಿದ್ದರೆ ಬಾಗಿಲು ತೆಗೆಯುವುದಕ್ಕೆ ಒಬ್ಬರಾದರೂ ಇರುತ್ತಾರೆ ಎಂದು ಗಂಟುಮೂಟೆ ಕಟ್ಟಿಕೊಂಡು ಅಮ್ಮನ ಹತ್ತಿರ ಬಂದಳು. ಬಂದವಳು ಅಮ್ಮನಿಗೆ ವಿಷಯ ಹೇಳಲಿಲ್ಲ. 'ನಿಷೇಧ' ಎಂದರೆ ಅಮ್ಮ ನಿದ್ದೆಗೆಡುತ್ತಾಳೆ, 'ರಕ್ತ ತೆಗೀತಾರೆ' ಎಂದರೆ ರಂಪ ಮಾಡುತ್ತಾಳೆ, ಪಂದ್ಯ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಅಮ್ಮನಿಂದ ಕಲಿತ ಬುದ್ಧಿಯೇ. ತಾಯಿಯಂತೆ ಮಗಳು ಎಂದು ಸುಮ್ಮನೆ ಹೇಳುತ್ತಾರೆಯೇ?

ಅದು ಒಂದು ಶನಿವಾರ. ಹಿಂದಿನ ದಿನ ಅವಳು ಒಂದು ಪಂದ್ಯಾವಳಿ ಮುಗಿಸಿ, ಎರಡು ವಿಮಾನ, ಒಂದು ರೈಲು ಹಿಡಿದು ಮನೆಗೆ ಬಂದಿದ್ದಳು. ಮೈ ಬೆಚ್ಚಗಿತ್ತು. ಶೂ ಬಿಚ್ಚಿದಾಗ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ ಎದ್ದು ನಿಂತಿತ್ತು, ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸಿಗೆ ಅಂಟಿತ್ತು. ಅಮ್ಮ ಬಿಸಿನೀರಿನಲ್ಲಿ ಕಾಲು ಅದ್ದಿಸಿ, ಒರೆಸಿ, ಹೊದಿಸಿ ಮಲಗಿಸಿದಳು. ಬೆಳಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮ ಒಂದೇ ತಟ್ಟಿಗೆ ಓಡಿಬಂದು ತೆಗೆದಳು, ಎರಡನೆಯದಕ್ಕೆ ಮಗಳು ಎದ್ದುಬಿಟ್ಟಾಳೆಂದು. ಚೀಲ ಹಿಡಿದ ಒಬ್ಬ ಹೆಂಗಸು, ಒಬ್ಬ ಗಂಡಸು ನಿಂತಿದ್ದರು.

"ನಿಮ್ಮ ಮಗಳನ್ನ ನೋಡಬೇಕಿತ್ತು" ಎಂದಳು ಹೆಂಗಸು.

"ಏನು ವಿಷಯ?"

"ಅವರ ಹತ್ರಾನೇ ಹೇಳಬೇಕು, ಬೇರೆಯವರಿಗೆ ಹೇಳೋ ಹಾಗಿಲ್ಲ."

ಹೇಳುವ ಹಾಗಿಲ್ಲದ್ದು ನಿಜ, ಆಟಗಾರರ ಮಾನ ಹೋಗಬಾರದೆಂದು ಅವರಿಗೆ ಹಾಗೊಂದು ನಿಯಮ. ಆದರೆ ಮಗಳು ಪತ್ರಿಕೆಯಲ್ಲಿ ಬಂದ ಮೇಲೆ ಬೆಳಗ್ಗೆ ಬೆಳಗ್ಗೆ ಬಾಗಿಲು ತಟ್ಟುವವರು ಅಮ್ಮನಿಗೆ ಹೊಸಬರಲ್ಲ. ವರದಿಗಾರರು, ಮಕ್ಕಳಿಗೆ ಆಟ ಹೇಳಿಕೊಡಿ ಎನ್ನುವವರು, ಸುಮ್ಮನೆ ಕೈ ಕುಲುಕಿ ಹೋಗುವವರು. ಆಸ್ಪತ್ರೆಯ ಇಪ್ಪತ್ತೆಂಟು ವರ್ಷದ ಅಭ್ಯಾಸ ನಾಲಿಗೆಯ ತುದಿಗೆ ತಾನಾಗಿ ಬಂತು.

"ಅಯ್ಯೋ, ಇಲ್ವಲ್ಲಮ್ಮ. ನಿನ್ನೇನೇ ಹೊರಟುಹೋದ್ಲು."

"ಎಲ್ಲಿಗೆ?"

"ಯಾವುದೋ ದೇಶಕ್ಕೆ. ನನ್ನಂಥೋಳ ಬಾಯಿಗೆ ಆ ಹೆಸರೆಲ್ಲ ತಿರುಗುತ್ತಾ?"

ಅವರು ಮುಖ ಮುಖ ನೋಡಿಕೊಂಡರು. ಏಳರವರೆಗೆ ಇಲ್ಲೇ ಕಾಯುತ್ತೇವೆ ಎಂದರು. ಕಾಯಿರಿ, ಯಾರು ಬೇಡವೆಂದರು? ಅಮ್ಮ ಎರಡು ಕುರ್ಚಿ ತಂದು ಜಗುಲಿಗೆ ಹಾಕಿದಳು, ಒಳಗೆ ಹೋಗಿ ಟೀ ಮಾಡಿ ಕೊಟ್ಟಳು, ಆ ಹೆಂಗಸಿನ ಮಕ್ಕಳೆಷ್ಟು ಎಂದು ವಿಚಾರಿಸಿದಳು. ಏಳಕ್ಕೆ ಐದು ನಿಮಿಷವಿರುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದ ಮಗಳ ಫೋನು ಮಿಣಮಿಣ ಎಂದಿತು. ಯಾವುದೋ ಗೊತ್ತಿಲ್ಲದ ನಂಬರು. ಅಮ್ಮ ಅದರ ಬಾಯಿ ಮುಚ್ಚಿಸಿ ಟವೆಲ್ಲಿನ ಕೆಳಗೆ ಇಟ್ಟಳು. ಏಳು ಹೊಡೆಯಿತು. ಅವರು ಏನೋ ಬರೆದುಕೊಂಡು, ಟೀ ಚೆನ್ನಾಗಿತ್ತು ಎಂದು ಹೇಳಿ ಹೋದರು.

ಎಂಟೂವರೆಗೆ ಜಿಗಣೆ ಎದ್ದು ಕಣ್ಣುಜ್ಜುತ್ತಾ ಅಡುಗೆಮನೆಗೆ ಬಂದಳು. ಅಮ್ಮನ ಮುಖ ಹಿಗ್ಗಿತ್ತು.

"ಚೆನ್ನಾಗಿ ನಿದ್ದೆ ಬಂತಾ? ಇಬ್ರು ಬಂದಿದ್ರು ಕಣೇ, ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ನಾನು ಬಿಡ್ತೀನಾ? ಊರಲ್ಲೇ ಇಲ್ಲ ಅಂದೆ!"

"ಯಾರು? ಯಾರಮ್ಮ ಬಂದಿದ್ರು?"

"ಯಾರಿಗೆ ಗೊತ್ತು. ಒಂದು ಚೀಲ ಹಿಡ್ಕೊಂಡಿದ್ರು. ಐಸ್ ಡಬ್ಬದ ಥರ."

ಜಿಗಣೆ ನೆಲದ ಮೇಲೆ ಕೂತುಬಿಟ್ಟಳು. ಅಮ್ಮ ಜ್ವರ ಏರಿತೆಂದುಕೊಂಡು ಹಣೆ ಮುಟ್ಟಲು ಹೋದಳು. ಅವಳು ಆ ಕೈಯನ್ನು ತಳ್ಳಿಬಿಟ್ಟಳು. ಆಮೇಲೆ ಎಲ್ಲವನ್ನೂ ಹೇಳಿದಳು, ಎರಡು ವಾರ ಬಚ್ಚಿಟ್ಟದ್ದನ್ನೆಲ್ಲ ಎರಡು ನಿಮಿಷದಲ್ಲಿ. ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬರಿಗಾಲಲ್ಲೇ ಬೀದಿಗೆ ಓಡಿ ಮೂಲೆಯ ತನಕ ಹೋಗಿ ನೋಡಿ ಬಂದಳು. ಒಂದೂವರೆ ಗಂಟೆಯ ಹಿಂದೆ ಹೋದ ಕಾರು ಅಲ್ಲಿ ನಿಂತಿರುತ್ತದೆಯೇ?

ಆ ದಿನದಿಂದ ಅಮ್ಮ ಅರ್ಧಕ್ಕರ್ಧ ಇಳಿದುಹೋದಳು. "ನನ್ನ ನಾಲಿಗೆ ಬಿದ್ದುಹೋಗ, ನಾನೇ ನಿನ್ನ ಬಾಳಿಗೆ ಕೊಳ್ಳಿ ಇಟ್ಟೆ" ಎಂದು ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಗೊಣಗುವಳು. ಮಗಳಿಗೆ ಸಮಾಧಾನ ಹೇಳುವ ಶಕ್ತಿಯಿರಲಿಲ್ಲ. ಇಲಾಖೆಯ ಪತ್ರ ಬಂತು. ವಿಚಾರಣೆ ಮಹಾ ಪಂದ್ಯಾವಳಿಗೆ ಹನ್ನೊಂದು ದಿನ ಮುಂಚೆ.

ವಕೀಲೆ ಬುದ್ಧಿವಂತೆ, ಹೆಚ್ಚು ಮಾತಿನವಳಲ್ಲ. ಕಾಗದವನ್ನೆಲ್ಲ ಓದಿ, "ಒಂದೇ ದಾರಿ ಇದೆ" ಎಂದಳು. "ನೀವು ಹೇಳಿದ ಜಾಗದಲ್ಲೇ ಹೇಳಿದ ಹೊತ್ತಿಗೆ ಇದ್ರಿ. ನಿಮಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು ಸುಳ್ಳು ಹೇಳಿ ಕಳಿಸಿದ್ರು. ಅಂದ್ಮೇಲೆ ನಿಮ್ಮ ತಪ್ಪು ಏನಿದೆ? ಮೂರನೇದು ಬಿದ್ದುಹೋಗುತ್ತೆ, ನೀವು ಹೋಗಿ ಆಡ್ತೀರಿ. ಆದರೆ ಅದನ್ನ ಅಮ್ಮನೇ ಬಂದು ಅವರ ಬಾಯಲ್ಲೇ ಹೇಳಬೇಕು, ತೀರ್ಪು ಕೊಡೋರು ನಂಬಬೇಕು." ಅಮ್ಮನ ಕಡೆ ತಿರುಗಿ, "ಅಮ್ಮಾ, ನಡೆದದ್ದನ್ನ ನಡೆದ ಹಾಗೆ ಹೇಳಿ. ಮತ್ತೇನೂ ಬೇಡ" ಎಂದಳು. ಅಮ್ಮ ತಲೆಯಾಡಿಸಿದಳು. ಹೇಳಿಕೆ ಬರೆಸಿ ಸಹಿ ಹಾಕಿಸಿಕೊಂಡದ್ದೂ ಆಯಿತು. ಮನೆಯಲ್ಲಿ ಊಟದ ಮೇಜಿನ ಎದುರು ಕೂತು ಅಮ್ಮ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುವಳು. "ಮಗಳು ಒಳಗೆ ಮಲಗಿದ್ಲು. ನಾನು ಸುಳ್ಳು ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ." ಮೂರೇ ವಾಕ್ಯ. ಕೇಳುತ್ತಾ ಕೇಳುತ್ತಾ ಜಿಗಣೆಗೆ ಉಸಿರು ಸ್ವಲ್ಪ ಸಲೀಸಾಯಿತು, ಪ್ರಯಾಣದ ಟಿಕೆಟ್ಟನ್ನು ರದ್ದು ಮಾಡದೆ ಹಾಗೇ ಇಟ್ಟುಕೊಂಡಳು.

ವಿಚಾರಣೆಯ ಕಟ್ಟಡದಲ್ಲಿ ಸಾಕ್ಷಿಗಳು ಒಳಗೆ ಕೂರುವಂತಿಲ್ಲ, ಕರೆದಾಗ ಮಾತ್ರ ಹೋಗಬೇಕು. ಜಿಗಣೆ ಮತ್ತು ವಕೀಲೆ ಒಳಗೆ ಹೋದರು. ಅಮ್ಮ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದ. ಭಾರ ಎತ್ತುವ ಒಬ್ಬ ಹುಡುಗನ ಅಪ್ಪ, ಮಗನ ತೀರ್ಪು ಹಿಂದಿನ ವಾರ ಬಂದಿತ್ತು, ಅದರ ನಕಲಿಗಾಗಿ ಬಂದಿದ್ದ. ದುಃಖದಲ್ಲಿದ್ದ ಮನುಷ್ಯ, ಕೇಳುವ ಕಿವಿ ಸಿಕ್ಕಿತು.

"ನಿಮ್ಮದೇನು ತಾಯಿ?" ಎಂದ.

"ಮನೆಗೆ ಬಂದಿದ್ರು. ಮಗಳು ಒಳಗಿದ್ಲು, ನಾನು ಇಲ್ಲ ಅಂದ್ಬಿಟ್ಟೆ."

ಅವನು ತಲೆ ಚಚ್ಚಿಕೊಂಡ. "ಅಯ್ಯೋ ತಾಯಿ, ಒಳಗೆ ಹೋಗಿ ಹಾಗೆ ಹೇಳಿಬಿಟ್ಟೀರಿ ಮತ್ತೆ! ನಮ್ಮ ಹುಡುಗನ ಕಥೆ ಅದೇ. ಒಳಗಿದ್ದೂ ಬಾಗಿಲು ತೆಗೀಲಿಲ್ಲ ಅಂತ ಗೊತ್ತಾಯ್ತು, ತಪ್ಪಿಸ್ಕೊಂಡ ಅಂದ್ರು, ನಾಲ್ಕು ವರ್ಷ ಹಾಕಿದ್ರು. ನಾಲ್ಕು! ಮನೇಲಿ ಇರಲೇ ಇಲ್ಲ ಅಂದಿದ್ರೆ ಎರಡಕ್ಕೆ ಮುಗೀತಿತ್ತಂತೆ. ಆಮೇಲೆ ಗೊತ್ತಾಯ್ತು ನಮಗೆ."

ಅವನು ಹೇಳಿದ್ದು ಅವನ ಮಗನ ಮಟ್ಟಿಗೆ ನಿಜವೇ. ಆ ಹುಡುಗ ಬೇಕೆಂದೇ ಬಾತ್‌ರೂಮಿನಲ್ಲಿ ಅಡಗಿದ್ದ. ಬೇಕೆಂದು ಅಡಗುವುದು ಬೇರೆ, ಗೊತ್ತಿಲ್ಲದೆ ಮಲಗಿರುವುದು ಬೇರೆ. ಆದರೆ ಆ ವ್ಯತ್ಯಾಸ ಹೇಳುವವರು ಆ ಕಾರಿಡಾರಿನಲ್ಲಿ ಯಾರಿದ್ದರು? ಅಮ್ಮ ಬೆವೆತಳು. ಒಳಗೆ ಹೋಗಿ ವಕೀಲೆಯನ್ನು ಕೇಳೋಣವೆಂದರೆ ಬಾಗಿಲಲ್ಲಿ ಜವಾನ ಬಿಡಲಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದಳು. ಮೂವತ್ತಕ್ಕೆ ನಾಲ್ಕು ಸೇರಿಸಿದರೆ ಮೂವತ್ತನಾಲ್ಕು. ಎರಡಾದರೆ ಮೂವತ್ತೆರಡು. ಅಷ್ಟರಲ್ಲಿ ಅವಳನ್ನು ಕರೆದರು.

ಒಳಗೆ ಉದ್ದ ಮೇಜು, ಮೂವರು. ನಡುವೆ ಕೂತಿದ್ದವರು ನಿವೃತ್ತ ನ್ಯಾಯಾಧೀಶರು, ಮೃದು ಮಾತಿನವರು. ಮೈಕು ಅವಳ ಎತ್ತರಕ್ಕೆ ತಗ್ಗಿಸಿಕೊಟ್ಟರು. ಜಿಗಣೆ ಅಮ್ಮನತ್ತ ನೋಡಿ ಸಣ್ಣಗೆ ನಕ್ಕಳು, ಹೆದರಬೇಡ ಎನ್ನುವಂತೆ.

"ಆ ಶನಿವಾರ ಬೆಳಗ್ಗೆ ಆರು ಗಂಟೆಗೆ ನಿಮ್ಮ ಮಗಳು ಎಲ್ಲಿದ್ದರಮ್ಮ?"

ಅಮ್ಮ ಮಗಳನ್ನು ನೋಡಲಿಲ್ಲ. ಸೆಟೆದು ನಿಂತಳು.

"ಮನೇಲಿ ಇರಲಿಲ್ಲ ಸ್ವಾಮಿ."

ವಕೀಲೆಯ ಪೆನ್ನು ಕೈಯಲ್ಲೇ ನಿಂತಿತು. ನ್ಯಾಯಾಧೀಶರು ಮುಂದಿದ್ದ ಕಾಗದ ತಿರುವಿ, "ಒಳಗೆ ಮಲಗಿದ್ದರು ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ?" ಎಂದರು.

"ಅದು ಯಾರೋ ಬರೆದದ್ದು. ನಂಗೆ ಓದಕ್ಕೆ ಸರಿಯಾಗಿ ಬರಲ್ಲ. ಅವಳು ನಿನ್ನೇನೇ... ಹಿಂದಿನ ದಿನಾನೇ ಹೋಗಿದ್ಲು. ಬಂದವರಿಗೂ ಅದನ್ನೇ ಹೇಳಿದ್ದೆ, ಬೇಕಾದ್ರೆ ಕೇಳಿ."

"ಅಮ್ಮಾ!" ಎಂದು ಜಿಗಣೆ ಕಿರುಚಿದಳು. "ಅಮ್ಮಾ, ಏನ್ ಹೇಳ್ತಿದೀಯ? ನಿಜ ಹೇಳು!"

ನ್ಯಾಯಾಧೀಶರು ಕೈಯೆತ್ತಿ ಅವಳನ್ನು ಕೂರಿಸಿದರು. ವಕೀಲೆ ಎದ್ದು ನಾಲ್ಕು ಸಲ ನಾಲ್ಕು ಥರ ಕೇಳಿದಳು. ಅಮ್ಮ ಜಗ್ಗಲಿಲ್ಲ. ಇಪ್ಪತ್ತೆಂಟು ವರ್ಷ ಬಾಗಿಲಲ್ಲಿ ನಿಂತು ಎಂಥೆಂಥವರನ್ನು ಸಾಗಹಾಕಿದವಳು, ಈ ಹುಡುಗಿಗೆ ಸೋಲುತ್ತಾಳೆಯೇ? ಎಷ್ಟು ಕೇಳಿದರೂ ಒಂದೇ ಮಾತು, ಇರಲಿಲ್ಲ ಸ್ವಾಮಿ, ಇರಲಿಲ್ಲ. ಜಿಗಣೆ ನೋಡುತ್ತಾ ಕೂತಳು. ಕೈಗೆ ಬಂದ ತುತ್ತು ಬಾಯಿಗಿಲ್ಲ. ಎದುರಾಳಿಯ ಕೈಯಲ್ಲಿ ಸಾವಿರ ಸಲ ಸೋತಿದ್ದಳು, ಸೋಲು ಬರುವಾಗ ಅದರ ಹೆಜ್ಜೆಯ ಸದ್ದು ಅವಳಿಗೆ ಗೊತ್ತಿತ್ತು.

ಮುಕ್ಕಾಲು ಗಂಟೆಯಲ್ಲಿ ತೀರ್ಪು ಬಂತು. ತಾಯಿಯದು ಎರಡು ಮಾತು, ಎರಡರಲ್ಲಿ ಯಾವುದನ್ನೂ ನಂಬುವಂತಿಲ್ಲ, ಆದ್ದರಿಂದ ಅಧಿಕಾರಿಗಳಿಗೆ ಬಾಗಿಲಲ್ಲಿ ಸಿಕ್ಕಿದ ಉತ್ತರವೇ ಉಳಿಯುತ್ತದೆ. ಮೂರು ತಪ್ಪು. ಎರಡು ವರ್ಷ. ಆ ಎರಡು ವರ್ಷ ಪಂದ್ಯ ಆಡುವುದಿರಲಿ, ಟೆನಿಸ್ ಸಂಘಕ್ಕೆ ಸೇರಿದ ಯಾವ ಕ್ಲಬ್ಬಿನ ಕೋರ್ಟಿನಲ್ಲೂ ಅಭ್ಯಾಸಕ್ಕೂ ಕಾಲಿಡುವಂತಿಲ್ಲ, ಮಕ್ಕಳಿಗೆ ಹೇಳಿಕೊಡುವಂತೆಯೂ ಇಲ್ಲ. ಸಂಖ್ಯೆ ತಾನಾಗಿ ಕರಗಿ ಪಟ್ಟಿಯಿಂದ ಹೆಸರೇ ಹೋಗುತ್ತದೆ. ಮೂವತ್ತೆರಡಕ್ಕೆ, ಹೊಲಿಗೆ ಹಾಕಿದ ಮಂಡಿಯಲ್ಲಿ, ಸೊನ್ನೆಯಿಂದ ಹತ್ತುವ ಮಾತನ್ನು ಜಿಗಣೆಯ ಮುಂದೆ ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

"ಮೇಲ್ಮನವಿ?" ಎಂದು ಕೇಳಿದಳು.

ವಕೀಲೆ ಕಾಗದಗಳನ್ನು ಜೋಡಿಸುತ್ತಾ, "ಇನ್ನು ಅಮ್ಮ ನಿಜ ಹೇಳಿದ್ರೂ ಯಾರು ನಂಬ್ತಾರೆ?" ಎಂದಳು. ಆಮೇಲೆ ಅವಳ ಭುಜ ಮುಟ್ಟಿ ಹೋದಳು.

ಹೊರಗೆ ಮೆಟ್ಟಿಲ ಮೇಲೆ ಅಮ್ಮ ನಿಂತಿದ್ದಳು. ತಿಂಗಳಿಂದ ಬಾಡಿದ್ದ ಮುಖ ಅರಳಿತ್ತು. ಆ ಅರಳಿದ ಮುಖ ನೋಡಿದಾಗ ಜಿಗಣೆಗೆ ಕೋಪ ಬಂತು, ಹೆತ್ತ ತಾಯಿಯ ಮೇಲೆ ಬರಬಾರದಂಥ ಕೋಪ. ಯಾಕಮ್ಮ, ಯಾಕೆ ನನ್ನನ್ನು ತಿಂದುಬಿಟ್ಟೆ ಎಂದು ಕೇಳಲು ಹತ್ತಿರ ಹೋದಳು. ಅಷ್ಟರಲ್ಲಿ ಅಮ್ಮನೇ ಅವಳ ಎರಡೂ ಕೈ ಹಿಡಿದುಕೊಂಡಳು.

"ನಾಲ್ಕು ಹಾಕ್ತಿದ್ರು ಕಣೇ ಪುಟ್ಟಿ. ಆ ಭಾರ ಎತ್ತೋ ಹುಡುಗನಿಗೆ ನಾಲ್ಕೇ ಹಾಕಿದ್ದು. ಅವನ ಅಪ್ಪ ಹೇಳಿದ, ಪುಣ್ಯಾತ್ಮ. ಆ ವಕೀಲಮ್ಮ ಎಷ್ಟು ಕೆದಕಿದ್ಲು ನೋಡಿದ್ಯಾ? ನಾನು ಬಿಡ್ಲೇ ಇಲ್ಲ. ಎರಡಕ್ಕೆ ಇಳಿಸಿದೆ. ನನ್ನಿಂದ ಹೋಗಿದ್ದು, ಅರ್ಧನಾದ್ರೂ ನಾನೇ ಉಳಿಸ್ಕೊಟ್ಟೆ."

ಜಿಗಣೆ ಅಮ್ಮನ ಮುಖವನ್ನೇ ನೋಡಿದಳು. ನಾಲ್ಕಲ್ಲ, ಎರಡೂ ಅಲ್ಲ, ಒಂದು ದಿನವೂ ಆಗುತ್ತಿರಲಿಲ್ಲ ಎಂಬ ಮಾತು ಬಾಯಿತನಕ ಬಂದಿತ್ತು. ಬಂದದ್ದು ಅಲ್ಲೇ ನಿಂತಿತು.

ಅಮ್ಮ ಆಗಲೇ ಫೋನು ತೆಗೆದು ತಂಗಿಗೆ ಹಚ್ಚಿದ್ದಳು. "ಹೂಂ ಕಣೇ, ಆಯ್ತು. ನಾಲ್ಕಾಗ್ತಿತ್ತು, ಎರಡಕ್ಕೆ ತಂದೆ. ಹೂಂ, ನಾನೇ! ತಗೋ, ಅವಳ ಹತ್ರಾನೇ ಕೇಳು" ಎಂದು ಫೋನನ್ನು ಮಗಳ ಕಿವಿಗೆ ಒತ್ತಿದಳು.

"ಹೌದಾ ಪುಟ್ಟಿ?" ಎಂದಳು ಚಿಕ್ಕಮ್ಮ.

"ಹೌದು ಚಿಕ್ಕಮ್ಮ. ಅಮ್ಮ ಚೆನ್ನಾಗಿ ಮಾತಾಡಿದ್ಲು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋಗ್ಲಿ ಬಿಡು, ಎರಡು ವರ್ಷ ಏನು ಮಹಾ, ಕಣ್ಣುಮುಚ್ಚಿ ಬಿಡೋದ್ರಲ್ಲಿ ಹೋಗುತ್ತೆ" ಎಂದಳು ಚಿಕ್ಕಮ್ಮ. "ಅಲ್ಲೀತನಕ ಏನ್ ಮಾಡ್ತೀಯೇ?"

ಜಿಗಣೆ ಉತ್ತರ ಕೊಡಲು ಬಾಯಿ ತೆರೆದಳು. ಆರನೆಯ ವಯಸ್ಸಿನಿಂದ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕೆಂದು ಯೋಚಿಸಿದಳು, ನಾಡಿದ್ದು ಏನೆಂದು ಯೋಚಿಸಿದಳು. ಏನೂ ಹೊಳೆಯಲಿಲ್ಲ. ಆ ಕಡೆಯಿಂದ ಚಿಕ್ಕಮ್ಮ "ಹಲೋ, ಹಲೋ, ಕೇಳಿಸ್ತಿದ್ಯಾ?" ಎನ್ನುತ್ತಲೇ ಇದ್ದಳು. ಅವಳು ಫೋನನ್ನು ಅಮ್ಮನ ಕೈಗೆ ವಾಪಸ್ಸು ಕೊಟ್ಟಳು.